ಬಸ್ಸು ಇಳಿಸಿದಲ್ಲಿಂದ ಮನೆಯವರೆಗೆ ಜನ್ನತಬಿಯ ಟಾಂಗಾ

ಬೆಟಗೇರಿಯ ಕೊನೆಯ ಬಸ್ ಸ್ಟಾಪಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚಹಾದಂಗಡಿಯ ಸ್ಟೋವು ಭುಸುಗುಡುತ್ತಿದೆ. ಒಳಗಿನ ಓಣಿಗಳಲ್ಲಿ ಒಂದೊಂದೇ ಮಗ್ಗ ಸದ್ದು ಮಾಡತೊಡಗಿದೆ. ರಸ್ತೆಯ ಬದಿಗೆ ನಿಂತ ಟಾಂಗಾದ ಕುದುರೆ ಕೊರಳಿಗೆ ಕಟ್ಟಿದ ಚೀಲದಲ್ಲಿ ಮುಖ ಹುದುಗಿಸಿ ನೆನೆದ ಹುರುಳಿ ತಿನ್ನುತ್ತಿದೆ. ಅದು ತಿಂದು ಮುಗಿಸುವಷ್ಟರಲ್ಲಿ ಜನ್ನತಬಿ ಗಾಲಿಗಳಿಗೆ ಎಣ್ಣೆ ಬಿಟ್ಟು, ಸೀಟಿನ ಮೇಲಿನ ಇಬ್ಬನಿ ಒರೆಸಿ, ತಲೆಯ ಮೇಲಿನ ಸೆರಗನ್ನು ಕಿವಿಯ ಹಿಂದೆ ಬಿಗಿಯಾಗಿ ಸಿಕ್ಕಿಸಿಕೊಳ್ಳುತ್ತಾರೆ.

ಗದಗ ಸ್ಟೇಶನ್ನಿನಿಂದ ಹೊರಟ ಮೊದಲ ಸಿಟಿ ಬಸ್ಸು ಬರುತ್ತದೆ. ಕಂಡಕ್ಟರ್ ಮುದಕಪ್ಪ ತಾನೇ ಮೊದಲು ಇಳಿದು ಒಬ್ಬ ಮುದುಕಿಯ ಗಂಟು ಇಳಿಸಿಕೊಳ್ಳುತ್ತಾರೆ.

"ಜನ್ನತಕ್ಕಾ, ಈ ಅವ್ವ ಹೊಳೆಆಲೂರಿಂದ ಬಂದಾಳ ನೋಡ. ಮಗಳ ಮನಿಗೆ ಹೋಗಬೇಕಂತ. ಓಣಿ ಹೆಸರ ಮರತ ಬಿಟ್ಟಾಳ."

ಜನ್ನತಬಿ ಮುದುಕಿಯ ಕೈ ಹಿಡಿಯುತ್ತಾರೆ. "ಮಗಳ ಮನಿ ಹೆಂಗೈತಿ ಯವ್ವಾ?"

"ಮುಂದ ಒಂದು ಬೇವಿನ ಗಿಡ ಐತಿ. ಮನ್ಯಾಗ ಮಗ್ಗ ಐತಿ. ಅಳಿಯ ಭಾಳ ಮಾತಾಡ್ತಾನ."

"ಹತ್ತ ಹಂಗಾರ. ಬೇವಿನ ಗಿಡ ಇದ್ದ ಮನಿ ಒಂದೊಂದ ನೋಡ್ಕೋತ ಹೋಗೂಣು. ನಿನ್ನ ಅಳಿಯನ ದನಿ ಎಲ್ಲೆರ ಕೇಳೇ ಕೇಳತೈತಿ."

ಮುದುಕಿ ನಗುತ್ತ ಹತ್ತಿ ಕೂರುತ್ತಾಳೆ. ಅರ್ಧ ತಾಸು ಓಣಿ ಓಣಿ ತಿರುಗಿ, ನಾಲ್ಕಾರು ಬೇವಿನ ಗಿಡಗಳನ್ನು ದಾಟಿದ ಮೇಲೆ ಒಂದು ಬಾಗಿಲಿನಿಂದ ಮಗಳು "ಯವ್ವಾ!" ಎಂದು ಓಡಿ ಬರುತ್ತಾಳೆ. ಅವರಿಬ್ಬರೂ ಅಪ್ಪಿಕೊಂಡು ನಿಂತಿರುವಾಗ ಜನ್ನತಬಿ ಗಂಟನ್ನು ಕಟ್ಟೆಯ ಮೇಲಿಟ್ಟು, ಮುಂದಿನ ಬಸ್ಸಿನ ಹೊತ್ತಾಯಿತೆಂದು ಟಾಂಗಾ ತಿರುಗಿಸುತ್ತಾರೆ.

ಗದಗ-ಬೆಟಗೇರಿಯಲ್ಲಿ ಟಾಂಗಾ ಹೊಡೆಯುವ ಹೆಣ್ಣುಮಗಳು ಬೇರೊಬ್ಬರಿಲ್ಲ. ಜನ್ನತಬಿಯೇನೂ ಹಟ ತೊಟ್ಟು ಈ ಕೆಲಸಕ್ಕೆ ಬಂದವರಲ್ಲ. ಹಿರೇವಡ್ಡಟ್ಟಿಯಲ್ಲಿ ಹುಟ್ಟಿ, ಟಾಂಗಾವಾಲಾ ಕರೀಮಸಾಬರ ಕೈ ಹಿಡಿದು ಬೆಟಗೇರಿಗೆ ಬಂದರು. ಕುದುರೆಗೆ ನೀರು, ಮೇವು ಹಾಕುವುದಷ್ಟೇ ಅವರ ಪಾಲಿನ ಕೆಲಸವಾಗಿತ್ತು. ಎಪ್ಪತ್ತಾರನೆಯ ಇಸವಿಯ ಮಳೆಗಾಲದಲ್ಲಿ ರೈಲ್ವೆ ಗೇಟಿನ ಹತ್ತಿರ ಸಿಡಿಲಿಗೆ ಕುದುರೆ ಬೆದರಿ ಟಾಂಗಾ ಉರುಳಿತು. ಕರೀಮಸಾಬರ ಬಲಗೈ ಮುರಿಯಿತು. ಎಲುಬು ಕೂಡಿತಾದರೂ ಬೆರಳುಗಳಿಗೆ ಮತ್ತೆ ಹಿಡಿತ ಬರಲಿಲ್ಲ. ಲಗಾಮು ಜಗ್ಗಿದರೆ ಜಾರಿ ಹೋಗುತ್ತಿತ್ತು.

ಕುದುರೆ ಮಾರುವುದೆಂದು ತೀರ್ಮಾನವಾಯಿತು. ಲಕ್ಷ್ಮೇಶ್ವರದಿಂದ ವ್ಯಾಪಾರಿ ಬಂದ. ಅವನು ಕುದುರೆಯ ಹಲ್ಲು ನೋಡುತ್ತಿದ್ದಾಗ ಕರೀಮಸಾಬರು ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದರು.

"ಅವರು ಅಳಾಕತ್ತಿದ್ರು. ಲಗ್ನ ಆದಾಗಿಂದ ನಾ ಅದನ್ನ ನೋಡಿರ್ಲಿಲ್ರಿ" ಎನ್ನುತ್ತಾರೆ ಜನ್ನತಬಿ. "ಆ ವ್ಯಾಪಾರಿಗೆ ನಾನ ಹೇಳೇಬಿಟ್ಟೆ, ಕುದರಿ ಮಾರಂಗಿಲ್ಲ ಹೋಗಪಾ ಅಂತ. ಯಾರ ಹೊಡೀತಾರ ಟಾಂಗಾ ಅಂತ ಅಂವ ಕೇಳಿದ. ನಾ ಹೊಡೀತೀನಿ ಅಂದೆ. ಅಂದ ಮ್ಯಾಲ ನನಗ ಹೆದರಿಕಿ ಆತು."

ಅತ್ತೆ ಹಾಜಿರಾಬಿ ಸೊಸೆಯ ಜೊತೆ ಮಾತು ಬಿಟ್ಟರು. ಗಂಡ ಮಾತ್ರ ಮರುದಿನ ನಸುಕಿನಲ್ಲೇ ಎಬ್ಬಿಸಿ ನಾಗಾವಿಯ ದಾರಿಗೆ ಕರೆದೊಯ್ದರು. ಪಕ್ಕದಲ್ಲಿ ಕುಳಿತು, ಹೆಂಡತಿಯ ಕೈಯ ಮೇಲೆ ತಮ್ಮ ಎಡಗೈ ಇಟ್ಟು ಲಗಾಮು ಹಿಡಿಯುವುದನ್ನು ಕಲಿಸಿದರು. "ಜಗ್ಗಬ್ಯಾಡ, ಅದರ ಬಾಯಿ ನೋಯತೈತಿ. ಬರೇ ಹೇಳು, ಅದಕ ತಿಳೀತೈತಿ" ಎನ್ನುತ್ತಿದ್ದರಂತೆ. ಹಾಗೆ ಹಲವು ಬೆಳಗುಗಳು ಕಳೆದವು.

ಸ್ಟೇಶನ್ನಿನ ಮುಂದೆ ಟಾಂಗಾಗಳ ಸಾಲಿಗೆ ಬಂದ ದಿನ ಯಾರೂ ಇವರಿಗೆ ಜಾಗ ಬಿಡಲಿಲ್ಲ. ಕೊನೆಗೆ ಎಲ್ಲರಿಗಿಂತ ಹಿರಿಯರಾದ ಮರ್ದಾನಸಾಬರು ತಮ್ಮ ಟಾಂಗಾವನ್ನು ಹಿಂದಕ್ಕೆ ಸರಿಸಿ, "ಕರೀಮನ ಹೇಂತಿ ಅದಾಳ. ಮುಂದ ನಿಂದರ್ಲಿ" ಎಂದರು. ಆದರೂ ರೈಲಿನಿಂದ ಇಳಿದವರು ಇವರನ್ನು ನೋಡಿ ಬೇರೆ ಟಾಂಗಾ ಹತ್ತುತ್ತಿದ್ದರು. ಹೆಣ್ಣುಮಕ್ಕಳೇ ಮೊದಲು ಧೈರ್ಯ ಮಾಡಿದ್ದು. ದವಾಖಾನೆಗೆ ಹೊರಟ ಬಸುರಿಯರು, ತವರಿಗೆ ಹೊರಟ ಸೊಸೆಯಂದಿರು, ಒಂಟಿಯಾಗಿ ಬಂದ ಮುದುಕಿಯರು ದೂರದಿಂದಲೇ ಸೀರೆ ಕಂಡು ಇವರ ಹತ್ತಿರ ಬರತೊಡಗಿದರು. ಒಂದು ದಿನ ದಣಿದು ಮನೆಗೆ ಬಂದಾಗ ಹಾಜಿರಾಬಿ ಸೊಸೆಯ ಅಂಗೈ ಬಿಡಿಸಿ, ಲಗಾಮು ಉಜ್ಜಿ ಎದ್ದ ಗುಳ್ಳೆಗಳಿಗೆ ಬೆಣ್ಣೆ ಹಚ್ಚಿದರು.

ಕೆಲವು ವರ್ಷ ಹೀಗೆ ನಡೆಯಿತು. ಆಮೇಲೆ ಸಿಟಿ ಬಸ್ಸು ಬಂತು.

ಟಾಂಗಾವಾಲಾಗಳ ಎದೆ ಒಡೆಯಿತು. ತಮ್ಮ ಮನೆಯವರು ಯಾರೂ ಬಸ್ಸು ಹತ್ತಬಾರದೆಂದು ಸಾಲಿನಲ್ಲಿ ಮಾತಾಯಿತು. ಜನ್ನತಬಿಗೆ ಮಾತ್ರ ತಡೆಯಲಾಗಲಿಲ್ಲ. "ನಮ್ಮ ಅನ್ನ ಕಸಗೊಳ್ಳಾಕ ಬಂದದ್ದು ಹೆಂಗೈತಿ ಅಂತ ನೋಡಬೇಕಲ್ರಿ" ಎಂದು ನಗುತ್ತಾರೆ. ಒಂದು ದಿನ ಕುದುರೆಯನ್ನು ಮನೆಯಲ್ಲೇ ಕಟ್ಟಿ ಸ್ಟೇಶನ್ನಿನಿಂದ ಬೆಟಗೇರಿಗೆ ಬಸ್ಸಿನಲ್ಲಿ ಬಂದರು. ಜಲ್ದಿ ಬಂತು, ಕುಲುಕಾಟ ಕಡಿಮೆ ಇತ್ತು. ಬಸ್ಸು ಒಳ್ಳೆಯದೇ ಎನಿಸಿತು.

ಕಡೆಯ ಸ್ಟಾಪಿನಲ್ಲಿ ಒಬ್ಬ ಮುದುಕ ಇಳಿದು ಗಾಬರಿಯಿಂದ ನಿಂತುಬಿಟ್ಟ. ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. "ಟಾಂಗಾ ಆಗಿದ್ದರ ಮನಿ ಬಾಗಲಕ ಬಿಡ್ತಿದ್ರು" ಎಂದ. ಕಂಡಕ್ಟರ್ ಮುದಕಪ್ಪನಿಗೆ ಬಸ್ಸು ಬಿಟ್ಟು ಹೋಗುವಂತಿಲ್ಲ. ಜನ್ನತಬಿ ಮುದುಕನ ಗಂಟನ್ನು ತಲೆಯ ಮೇಲಿಟ್ಟುಕೊಂಡು, ಕೈ ಹಿಡಿದು ಮನೆ ಮುಟ್ಟಿಸಿ ಬಂದರು. ಮರಳಿ ಬರುವಾಗ ಅವರಿಗೆ ಮುಂದಿನ ದಾರಿ ಹೊಳೆದಿತ್ತು. ಬಸ್ಸು ಎಲ್ಲಿ ನಿಲ್ಲುತ್ತದೋ ಅಲ್ಲಿಂದ ತಮ್ಮ ಟಾಂಗಾ ಹೊರಡಬೇಕು.

ಆದರೆ ಅವರು ಬಸ್ಸು ಹತ್ತಿದ ಖಬರು ಅಷ್ಟರಲ್ಲೇ ಸಾಲಿಗೆ ಮುಟ್ಟಿತ್ತು. ಹಿಂದೆ ಜಾಗ ಬಿಟ್ಟುಕೊಟ್ಟಿದ್ದ ಮರ್ದಾನಸಾಬರೇ ಮರುದಿನ ಎದುರಿಗೆ ಬಂದು ನಿಂತರು.

"ನೀನ ಹೀಂಗ ಮಾಡಿದರ ನಾವು ಯಾರಿಗೆ ಹೇಳೋದು? ಇನ್ನ ಈ ಸಾಲಿನ್ಯಾಗ ನಿಂದರಬ್ಯಾಡ."

"ಆತು ಕಾಕಾ" ಎಂದಷ್ಟೇ ಹೇಳಿ ಜನ್ನತಬಿ ಟಾಂಗಾ ತಿರುಗಿಸಿದರು. ದಾರಿಯುದ್ದಕ್ಕೂ ಅತ್ತರು. ಬೈದಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ ಎನ್ನುತ್ತಾರೆ.

ಬೆಟಗೇರಿಯ ಸ್ಟಾಪಿನಲ್ಲಿ ಮೊದಮೊದಲು ಬರೀ ನಿಂತದ್ದೇ ಬಂತು. ಬಸ್ಸಿಳಿದವರು ನಡೆದೇ ಹೋಗುತ್ತಿದ್ದರು. ಆಗ ಕೈ ಹಿಡಿದವರು ಮುದಕಪ್ಪ. ಮುದುಕನನ್ನು ಜನ್ನತಬಿ ಕೈ ಹಿಡಿದು ಕರೆದೊಯ್ದದ್ದನ್ನು ಕಂಡಿದ್ದ ಅವರು, ಪ್ರತಿ ಸಲ ಬಸ್ಸು ನಿಲ್ಲುವ ಮೊದಲೇ ಕೂಗತೊಡಗಿದರು: "ಓಣಿ ಒಳಗ ಹೋಗಾವ್ರಿಗೆ ಮುಂದ ಅಕ್ಕನ ಟಾಂಗಾ ಐತ್ರಿ! ವಯಸ್ಸಾದಾವ್ರು, ಗಂಟು ಇದ್ದಾವ್ರು ನಡಿಯೂದು ಬ್ಯಾಡ!"

ನಿಧಾನವಾಗಿ ಜನ ಹತ್ತಿದರು. ನೂಲಿನ ಗಂಟು, ಸೀರೆಯ ಗಂಟು, ಬಾಣಂತಿಯರು, ಜ್ವರದ ಮಕ್ಕಳು. ಈಗ ಬೆಳಗಿನಿಂದ ಕತ್ತಲಾಗುವತನಕ ಬಸ್ಸು ಬಂದಷ್ಟೂ ಸಲ ಇವರ ಟಾಂಗಾ ಓಣಿಗಳಿಗೆ ಹೋಗಿ ಬರುತ್ತದೆ. ಮಧ್ಯಾಹ್ನ ಕುದುರೆಗೆ ವಿಶ್ರಾಂತಿ. ಆಗಲೇ ಇವರದೂ ರೊಟ್ಟಿ ತಿನ್ನುವ ಹೊತ್ತು.

ಕಳೆದ ಚಳಿಗಾಲದ ಒಂದು ಬೆಳಗು ಹಿಂದಿನಿಂದ ಇನ್ನೊಂದು ಕುದುರೆಯ ಲಾಳದ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಮರ್ದಾನಸಾಬರು. ಸ್ಟೇಶನ್ನಿನ ಸಾಲಿನಲ್ಲಿ ಆ ಹೊತ್ತಿಗೆ ಬೆರಳೆಣಿಕೆಯಷ್ಟು ಟಾಂಗಾ ಉಳಿದಿದ್ದವು. ಮುದುಕರು ಕೆಳಗಿಳಿಯಲಿಲ್ಲ, ಮುಖ ನೋಡಲಿಲ್ಲ.

"ಇಲ್ಲೆ ಒಂದ ಟಾಂಗಾಕ್ಕ ಜಾಗ ಐತೇನವ್ವಾ?"

ಜನ್ನತಬಿ ತಮ್ಮ ಕುದುರೆಯ ಲಗಾಮು ಹಿಡಿದು ಹಿಂದಕ್ಕೆ ಸರಿಸಿದರು. "ಮುಂದ ಬರ್ರಿ ಕಾಕಾ."

"ಬ್ಯಾಡ. ಇದು ನೀ ಮಾಡಿದ ಜಾಗ. ನಾ ನಿನ್ನ ಹಿಂದ ನಿಂದರ್ತೀನಿ."

ಅಂದಿನಿಂದ ಎರಡು ಟಾಂಗಾಗಳು ಅಲ್ಲಿ ನಿಲ್ಲುತ್ತವೆ. ಬಸ್ಸಿಗೆ ತಡವಾದರೆ ಇಬ್ಬರೂ ಒಂದೇ ಚಹಾ ಹಂಚಿಕೊಳ್ಳುತ್ತಾರೆ.

ಸಂಜೆ ಮನೆಯಂಗಳದಲ್ಲಿ ಕರೀಮಸಾಬರು ಎಡಗೈಯಿಂದ ಕುದುರೆಯ ಮೈ ತಿಕ್ಕುತ್ತಾರೆ. ಪಕ್ಕದ ಕಟ್ಟೆಯ ಮೇಲೆ ಜನ್ನತಬಿ ಕಾಲು ಚಾಚಿ ಕುಳಿತಿದ್ದಾರೆ. ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಮೊದಲು ಇಲ್ಲವೆಂದು ತಲೆಯಾಡಿಸುತ್ತಾರೆ. ಗಂಡ ಕುದುರೆಯ ಮರೆಯಿಂದಲೇ, "ಹೇಳ ಮತ್ತ, ನನ್ನ ಮುಂದ ಹೇಳಿದ್ದನ್ನ" ಎನ್ನುತ್ತಾರೆ.

ಜನ್ನತಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಾರೆ.

"ಒಂದ ದಿನ ಮರ್ದಾನ ಕಾಕಾ ನಮ್ಮ ಟಾಂಗಾ ಹೊಡೀಬೇಕ್ರಿ. ಇವರೂ ನಾನೂ ಹಿಂದ ಕುಂಡ್ರಬೇಕು. ಇಷ್ಟು ವರ್ಷ ಆತು, ಹಿಂದಿನ ಸೀಟಿನ್ಯಾಗ ಕುಂತಾವ್ರಿಗೆ ಊರು ಹೆಂಗ ಕಾಣತೈತಿ ಅಂತ ನನಗ ಇನ್ನೂ ಗೊತ್ತಿಲ್ರಿ."