ಆವಲಮ್ಮನ ತಲೆನೋವು

ನಂಗಲಿಯಲ್ಲಿ ಹೆದ್ದಾರಿ ಪಕ್ಕ ಆವಲಮ್ಮನದೊಂದು ಹೋಟೆಲಿತ್ತು. ಲಾರಿಯವರಿಗೆ ಮುದ್ದೆ, ಹುರುಳಿ ಸಾರು. ಎಪ್ಪತ್ತಾರನೇ ಇಸವಿಯ ಸುಮಾರಿಗೆ ಅವಳಿಗೆ ತಲೆನೋವು ಹಿಡಿಯಿತು. ಎರಡು ವರ್ಷ ಹಣೆಗೆ ಬಟ್ಟೆ ಬಿಗಿದುಕೊಂಡೇ ಮುದ್ದೆ ತೊಳಸಿದಳು.

ಕಾರಣ ಎಲ್ಲರಿಗೂ ಗೊತ್ತಿತ್ತು. ಒಲೆಯ ಹೊಗೆ ಎಂದರು ಕೆಲವರು. ದೃಷ್ಟಿ ಎಂದವರು ತಾಯಿತ ಕಟ್ಟಿಸಿದರು. ಮುಳಬಾಗಿಲಿಗೆ ಹೋಗಿ ಕನ್ನಡಕ ಹಾಕಿಸಿಕೊಂಡಳು. ನೋವು ಹಾಗೇ ಉಳಿಯಿತು, ಸಾರಿಗೆ ಬಿದ್ದ ನೊಣ ಮಾತ್ರ ಸ್ಪಷ್ಟವಾಗಿ ಕಾಣತೊಡಗಿತು. ಗಂಡ ಪೆದ್ದಪ್ಪ ಸೌದೆ ಒಡೆಯುವವನು, ಮಾತು ಕಡಿಮೆ. ಅವನೂ ಒಮ್ಮೆ, "ಕೋಪ ಕಮ್ಮಿ ಮಾಡ್ಕೊಳ್ಳೇ" ಎಂದ. ಅದರಿಂದ ಕೋಪ ಹೆಚ್ಚಾಯಿತು.

ಒಂದು ದಿನ ಬೆಳಗಿನಿಂದ ವಾಂತಿ. ಮಧ್ಯಾಹ್ನ ಬಡಿಸುತ್ತಿದ್ದವಳು ನಿಂತು, "ಅಮ್ಮ ಉಂಡ್ಳಾ?" ಎಂದು ಕೇಳಿದಳು.

"ನಿಮ್ಮಮ್ಮ ಸತ್ತು ಎಷ್ಟು ಕಾಲ ಆಯ್ತಲ್ಲೇ," ಎಂದ ಪೆದ್ದಪ್ಪ.

"ಹಂಗಾದ್ರೆ ಒಂದು ಮುದ್ದೆ ಕಮ್ಮಿ ಮಾಡ್ತೀನಿ." ಸ್ವಲ್ಪ ಹೊತ್ತಿಗೆ ಗೋಡೆ ತಡವುತ್ತಾ, "ಯಾಕಿಷ್ಟು ಕತ್ಲು? ದೀಪ ಹಚ್ಚಯ್ಯಾ" ಎಂದಳು. ಹೊರಗೆ ಡಾಂಬರು ಕರಗುವ ಬಿಸಿಲು.

ಉಣ್ಣುತ್ತಿದ್ದ ಲಾರಿ ಡ್ರೈವರ್ ನರಸಿಂಹಪ್ಪ ಎಲೆ ಬಿಟ್ಟೆದ್ದ. "ಎತ್ತು ಮಾವಾ, ಕೋಲಾರಕ್ಕೆ ಬಿಡ್ತೀನಿ."

ಮುಳಬಾಗಿಲು ದಾಟಿದ ಮೇಲೆ ಅವಳಿಗೆ ಫಿಟ್ಸ್ ಬಂತು. ಕೈಕಾಲು ಸೆಟೆದು ಅದುರಿದವು. ಪೆದ್ದಪ್ಪ ಅವಳನ್ನು ತೊಡೆಯ ಮೇಲೆ ಅವುಚಿ ಹಿಡಿದ. ಅಳು ಬರಲಿಲ್ಲ. ಒಲೆ ಆರಿಸಿ ಬಂದೆನೋ ಇಲ್ಲವೋ ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು. ಅದಕ್ಕೆ ಅವನಿಗೇ ನಾಚಿಕೆಯಾಯಿತು.

ಆಸ್ಪತ್ರೆಯ ಡಾಕ್ಟರು ಅವಳ ತೋಳಿಗೆ ಪಟ್ಟಿ ಸುತ್ತಿ ನೋಡಿದರು. ನಂಬಿಕೆಯಾಗದೆ ಇನ್ನೊಂದು ತೋಳಿಗೂ ಸುತ್ತಿದರು.

"ಬಿ.ಪಿ. ಇನ್ನೂರ ನಲವತ್ತು ದಾಟಿದೆ. ಆ ಒತ್ತಡಕ್ಕೆ ಮಿದುಳು ಊದ್ಕೊಂಡಿದೆ. ತಲೆನೋವು, ಕಣ್ಣು ಕತ್ಲೆ, ಎಲ್ಲಾ ಅದ್ರಿಂದ್ಲೇ. ಹಿಂದೆ ಯಾರೂ ನೋಡಿಲ್ವಾ?"

"ಎಲ್ರೂ ನೋಡಿದಾರೆ ಸ್ವಾಮಿ. ತೋಳಿಗೆ ಪಟ್ಟಿ ಕಟ್ಟಿದೋರು ನೀವೇ ಮೊದ್ಲು."

ಇಂಜೆಕ್ಷನ್ ಕೊಟ್ಟು ಒತ್ತಡವನ್ನು ನಿಧಾನವಾಗಿ ಇಳಿಸಿದರು. ಎರಡು ದಿನ ಕಳೆದು ಆವಲಮ್ಮ ಕಣ್ಣು ಕಿರಿದು ಮಾಡಿ ನೋಡಿದಳು.

"ಯಾರದು?"

"ನಾನು ಕಣೇ."

"ಗಡ್ಡ ಬೋಳಿಸ್ಕೋ. ಹೋಟ್ಲು ಯಾರು ನೋಡ್ತಿದಾರೆ?"

ಪೆದ್ದಪ್ಪ ವರಾಂಡಕ್ಕೆ ಹೋಗಿ, ಕಂಬಕ್ಕೆ ಮುಖ ಮಾಡಿ ಅತ್ತ.

ಊರಿಗೆ ಮರಳಿದ ಮೇಲೆ ಅವಳಿಗೆ ಉಪ್ಪು ಕಡಿಮೆ, ಮಾತ್ರೆ ದಿನವೂ. ಕೆಲವು ತಿಂಗಳು ನುಂಗಿದಳು. ನೋವು ಪೂರ್ತಿ ಹೋದದ್ದರಿಂದ, ಇನ್ನೇತಕ್ಕೆ ಎಂದು ಬಿಟ್ಟಳು. ಪೆದ್ದಪ್ಪ ವಾದ ಮಾಡಲಿಲ್ಲ. ಬೆಳಿಗ್ಗೆ ಕೊಡಲಿಯನ್ನು ತೊಡೆಯಡಿ ಇಟ್ಟುಕೊಂಡು ಬಾಗಿಲಲ್ಲಿ ಕುಳಿತ.

"ಸೌದೆ ಎಲ್ಲಯ್ಯಾ?"

"ಮಾತ್ರೆ ಎಲ್ಲೇ?"

ಲಾರಿಗಳು ಬಂದು ನಿಂತವು, ಹಾರ್ನ್ ಹೊಡೆದವು, ಹೋದವು. ಆವಲಮ್ಮ ಕನ್ನಡದಲ್ಲಿ ಬೈದು ಮುಗಿಸಿ ತೆಲುಗಿನಲ್ಲಿ ಶುರು ಮಾಡಿದಳು. ಪೆದ್ದಪ್ಪ ಬೀಡಿ ಹಚ್ಚಿದ. ಕೊನೆಗೆ ಅವಳು ಮಾತ್ರೆ ನುಂಗಿ, ಬಾಯಿ ಅಗಲಿಸಿ ತೋರಿಸಿದಳು. ಅವನು ಬಗ್ಗಿ ನಾಲಗೆಯ ಕೆಳಗೂ ನೋಡಿ, ಎದ್ದು ಕೊಡಲಿ ಹಿಡಿದು ಹಿತ್ತಿಲಿಗೆ ಹೋದ. ಅಂದು ಊಟ ತಡವಾಯಿತು.