ಹಸಿರು ಗುರುತನ್ನು ನಂಬದ ಅಕ್ಕ

ಬೆಳಗಿನ ಆರು ಗಂಟೆ. ಬೀದಿಯ ಅಂಗಡಿಗಳೆಲ್ಲ ಇನ್ನೂ ಮುಚ್ಚಿವೆ. ಹಳೆಯ ಕಂಪ್ಯೂಟರ್ ಕೊಂಡು ಮಾರುವ ಅಂಗಡಿಯೊಂದರ ಷಟರ್ ಮಾತ್ರ ಸೊಂಟದೆತ್ತರಕ್ಕೆ ಏಳುತ್ತದೆ. ಐವತ್ತರ ಅಂಚಿನ ಹೆಂಗಸೊಬ್ಬರು ಬಗ್ಗಿ ಒಳಗೆ ನುಸುಳಿ, ಅದನ್ನು ಮತ್ತೆ ಇಳಿಸಿ, ಚಿಲಕ ಹಾಕುತ್ತಾರೆ. ಹಾಕಿದ್ದು ಸಾಲದೆಂಬಂತೆ ಎರಡು ಸಲ ಎಳೆದು ನೋಡುತ್ತಾರೆ.

ಹಿಂದಿನ ಕೋಣೆಗೆ ಕಿಟಕಿಯಿಲ್ಲ. ಉದ್ದನೆಯ ಮೇಜಿನ ಮೇಲೆ, ಜನ ನಿನ್ನೆ ಮಾರಿ ಹೋದ ಏಳು ಲ್ಯಾಪ್‌ಟಾಪ್‌ಗಳು ಕಾದು ಕುಳಿತಿವೆ. ಅವರು ಯಾವುದನ್ನೂ ಆನ್ ಮಾಡುವ ಗೋಜಿಗೆ ಹೋಗುವುದಿಲ್ಲ. ಮೊದಲನೆಯದನ್ನು ಬೋರಲು ಹಾಕಿ, ಹನ್ನೊಂದು ಸ್ಕ್ರೂ ಬಿಚ್ಚಿ, ಹಣೆಗೆ ಕಟ್ಟಿಕೊಂಡ ಟಾರ್ಚಿನ ಬೆಳಕಿನಲ್ಲಿ ಅದರ ಹೊಟ್ಟೆಯೊಳಗೆ ಇಣುಕುತ್ತಾರೆ.

"ಮಾರೋರು ಒಂದೇ ಡಿಸ್ಕ್ ಇದೆ ಅಂತಾರೆ. ಪಾಪ, ಅವ್ರಿಗೇ ಗೊತ್ತಿರಲ್ಲ. ಕೆಲವಕ್ಕೆ ಎರಡಿರತ್ತೆ. ಒಂದನ್ನ ಅಳಿಸಿ ಇನ್ನೊಂದನ್ನ ಬಿಟ್ರೆ ಮುಗೀತು ಕಥೆ. ಅದಕ್ಕೇ ಕಣ್ಣಾರೆ ನೋಡೋವರೆಗೂ ನಾನು ಯಾರ ಮಾತೂ ನಂಬಲ್ಲ."

ಅಂಗಡಿಯವರು ಅವರಿಗೆ ಇಟ್ಟಿರುವ ಹೆಸರು 'ಅನುಮಾನದಕ್ಕ'. ಮಾರಾಟಕ್ಕೆ ಬಂದ ಕಂಪ್ಯೂಟರುಗಳಿಂದ ಹಳೆಯ ಮಾಲೀಕರ ಫೋಟೋ, ಪತ್ರ, ಬ್ಯಾಂಕಿನ ವಿವರ, ಪಾಸ್‌ವರ್ಡ್ ಒಂದೂ ಉಳಿಯದಂತೆ ಅಳಿಸುವುದು ಅವರ ಕೆಲಸ. ಎಂಟು ವರ್ಷದಿಂದ ಇದೇ ಕೋಣೆ, ಇದೇ ಮೇಜು. ಕೊಂಡವರಿಗೆ ಅವರು ಯಾರೆಂದು ಗೊತ್ತಿಲ್ಲ, ಮಾರಿದವರಿಗೂ ಗೊತ್ತಿಲ್ಲ.

ಡಿಲೀಟ್ ಒತ್ತಿದರೆ ಆಯಿತಲ್ಲ ಎಂದು ಯಾರಾದರೂ ಕೇಳಿದರೆ ಅಕ್ಕನಿಗೆ ನಗು ಬರುತ್ತದೆ. "ಬಾಗಿಲ ಮೇಲಿನ ನಂಬರ್ ಕಿತ್ತುಹಾಕಿದ್ರೆ ಮನೆ ಖಾಲಿ ಆಗತ್ತಾ? ಒಳಗಿರೋರು ಒಳಗೇ ಇರ್ತಾರೆ. ಹುಡುಕೋಕೆ ಬರೋನಿಗೆ ಸ್ವಲ್ಪ ಕಷ್ಟ ಆಗತ್ತೆ, ಅಷ್ಟೇ."

ತಿರುಗುವ ಹಳೆಯ ಡಿಸ್ಕ್ ಆದರೆ ಮೂಲೆಮೂಲೆಗೂ ಸೊನ್ನೆ ತುಂಬಿಸಬೇಕು. ದೊಡ್ಡದಕ್ಕೆ ಮೂರು ನಾಲ್ಕು ಗಂಟೆ ಹಿಡಿಯುತ್ತದೆ. ಆರಕ್ಕೇ ಬರುವುದು ಅದಕ್ಕಾಗಿ. ಹೊಸ ಬಗೆಯ ಡಿಸ್ಕಿಗೆ ಈ ಉಪಾಯ ಪೂರ್ತಿ ನಾಟುವುದಿಲ್ಲ, ತನ್ನನ್ನು ತಾನೇ ಅಳಿಸಿಕೊಳ್ಳುವಂತೆ ಅದಕ್ಕೇ ಆಜ್ಞೆ ಕೊಡಬೇಕು. ಕೆಲಸ ಮುಗಿದಾಗ ಪರದೆಯ ಮೇಲೆ ಹಸಿರು ಗುರುತು ಮೂಡುತ್ತದೆ. ಬೇರೆಯವರು ಅಲ್ಲಿಗೆ ಕೈ ತೊಳೆದುಕೊಳ್ಳುತ್ತಾರೆ. ಅಕ್ಕ ಮಾತ್ರ, ಅಳಿಸಿದ್ದನ್ನು ಮರಳಿ ಹೆಕ್ಕುವ ಸಾಫ್ಟ್‌ವೇರ್ ಹಾಕಿ, ಕಳ್ಳನ ಹಾಗೆ ತಾವೇ ಅರ್ಧ ಗಂಟೆ ತಡಕಾಡುತ್ತಾರೆ. ಏನೂ ಸಿಗದಿದ್ದರೆ ಮಾತ್ರ ನೋಟ್‌ಬುಕ್ಕಿನಲ್ಲಿ ಬರೆದು ಸಹಿ ಹಾಕುತ್ತಾರೆ. ಹೀಗೆ ದಿನಕ್ಕೆ ಎಂಟೋ ಒಂಬತ್ತೋ ಆಗುತ್ತವೆ. ಹಸಿರನ್ನು ನಂಬಿದ್ದರೆ ಹದಿನೈದು ಆಗುತ್ತಿದ್ದವು ಎಂದು ಅಂಗಡಿ ಯಜಮಾನರು ಗೊಣಗುವುದುಂಟು.

ಈ ಗುಣ ಬಂದಿದ್ದು ಲಾಂಡ್ರಿಯಿಂದ. ಹನ್ನೊಂದು ವರ್ಷ ಅಲ್ಲಿ ಅವರದು ಒಂದೇ ಕೆಲಸ: ಬಟ್ಟೆ ಮೆಷಿನ್ನಿಗೆ ಬೀಳುವ ಮುಂಚೆ ಜೇಬು ನೋಡುವುದು. ಪೆನ್ನು, ಉಂಗುರ, ಯಾರದೋ ಹೆಂಡತಿ ಓದಬಾರದ ಚೀಟಿ, ಎಲ್ಲವೂ ಕೈಗೆ ಬಂದಿವೆ. ಒಮ್ಮೆ ಕಂಪ್ಯೂಟರ್ ಅಂಗಡಿ ಯಜಮಾನರ ಪ್ಯಾಂಟಿನ ಒಳಜೇಬಿನಲ್ಲಿ ಪೆನ್‌ಡ್ರೈವ್ ಸಿಕ್ಕಿತು. ಕಾಗದದಲ್ಲಿ ಸುತ್ತಿ, ಮೇಲೆ ಪಿನ್ ಹೊಡೆದು ಮರಳಿಸಿದರು. ಮರುವಾರವೇ ಯಜಮಾನರು ಕೆಲಸಕ್ಕೆ ಕರೆದರು. ಮೌಸ್ ಹಿಡಿಯುವುದನ್ನು ಕಲಿಯಲು ಒಂದು ತಿಂಗಳು ಬೇಕಾಯಿತು. ಅನುಮಾನ ಪಡುವುದನ್ನು ಯಾರೂ ಕಲಿಸಬೇಕಾಗಲಿಲ್ಲ.

ಮನೆಯಲ್ಲೂ ಅಷ್ಟೇ. ಗ್ಯಾಸಿನ ಗುಂಡಿಯನ್ನು ಮೂರು ಸಲ ಮುಟ್ಟಿ ನೋಡದೆ ಮಲಗುವವರಲ್ಲ. ವೈರಿಂಗ್ ಕೆಲಸ ಮಾಡುವ ಗಂಡ ನಗುತ್ತಾರೆ. "ಸಂಬಳ ತಂದು ಕೈಗಿಟ್ರೆ ನೋಟನ್ನ ಬೆಳಕಿಗೆ ಹಿಡಿದು ನೋಡ್ತಾಳೆ. ಕೊಟ್ಟೋನು ಗಂಡ ಅನ್ನೋದನ್ನಾದ್ರೂ ನಂಬಿದಾಳಲ್ಲ, ನನ್ನ ಪುಣ್ಯ!"

ಇಂಥವರ ಮೇಲೆಯೇ ಕಳೆದ ತಿಂಗಳು ಅನುಮಾನ ಬಿತ್ತು.

ಆಸ್ಪತ್ರೆಯ ನರ್ಸ್ ಒಬ್ಬರು ತಮ್ಮ ಲ್ಯಾಪ್‌ಟಾಪ್ ಮಾರಿದ್ದರು. ಅದನ್ನು ಕೊಂಡವರು ಕಾರು ಓಡಿಸಲು ಕಲಿಸುವ ಮೇಷ್ಟ್ರು. ಎರಡು ವಾರದ ಮೇಲೆ ಮೇಷ್ಟ್ರು ನರ್ಸಿಗೆ ಫೋನ್ ಮಾಡಿ, "ನಿಮ್ಮ ಮಗಳ ಫೋಟೋ, ನಿಮ್ಮ ಮನೆ ಪತ್ರ ಎಲ್ಲಾ ಈ ಕಂಪ್ಯೂಟರಲ್ಲಿ ಕಾಣ್ತಿದೆ. ಪತ್ರದಲ್ಲೇ ನಂಬರ್ ಸಿಕ್ತು," ಎಂದರು. ನರ್ಸ್ ಕೆಲಸದ ಸಮವಸ್ತ್ರದಲ್ಲೇ ಅಂಗಡಿಗೆ ಓಡಿ ಬಂದರು.

ನೋಟ್‌ಬುಕ್ಕಿನಲ್ಲಿ ಅಕ್ಕನ ಸಹಿ ಇತ್ತು: ಎರಡು ಡಿಸ್ಕ್, ಎರಡೂ ಅಳಿಸಿದೆ. ನರ್ಸ್ ಅದನ್ನು ನೋಡಿ ಇನ್ನೂ ಕೆರಳಿದರು. "ಅಳಿಸಿದ್ರೆ ಮತ್ತೆ ಎಲ್ಲಿಂದ ಬಂತು? ಇವ್ರು ಇಟ್ಕೊಂಡಿದಾರೆ. ಇನ್ನೂ ಯಾರ್ಯಾರದ್ದು ಇಟ್ಕೊಂಡಿದಾರೋ! ಬ್ಯಾಗ್ ನೋಡಿ ಮೊದ್ಲು."

ಯಜಮಾನರು ನೆಲ ನೋಡುತ್ತ ಹೇಳಿದರು: "ಅಕ್ಕಾ, ಒಂದ್ಸಲ ಬ್ಯಾಗ್ ತೆಗೀರಿ."

ಎಂಟು ವರ್ಷದ ಮೇಲೆ ಆ ಮಾತು. ಅಕ್ಕ ಬ್ಯಾಗನ್ನು ಕೌಂಟರ್ ಮೇಲೆ ಸುರಿದರು. ಊಟದ ಡಬ್ಬಿ, ಕನ್ನಡಕದ ಪೆಟ್ಟಿಗೆ, ಅತ್ತೆಯ ಬಿ.ಪಿ. ಮಾತ್ರೆ, ಛತ್ರಿ. ಆ ನಿಮಿಷ ನೆನೆದು ಅಕ್ಕ ಹೇಳುತ್ತಾರೆ: "ಅತ್ತುಬಿಡ್ತಿದ್ನೇನೋ. ಆದ್ರೆ ಅಳೋಕೂ ಮುಂಚೆ ನಂಗೆ ನನ್ ಮೇಲೇ ಅನುಮಾನ ಬಂತು. ಎಲ್ಲೋ ಏನೋ ಬಿಟ್ಟಿದೀನಿ ಅಂತ. 'ಆ ಯಂತ್ರ ತರಿಸಿ' ಅಂದೆ."

ಮಧ್ಯಾಹ್ನ ಮೇಷ್ಟ್ರು ಲ್ಯಾಪ್‌ಟಾಪ್ ತಂದರು. ನರ್ಸಿನ ಕಣ್ಣೆದುರೇ ಅಕ್ಕ ಅದನ್ನು ಬಿಚ್ಚಿದರು. ಎರಡು ಡಿಸ್ಕಿನಲ್ಲೂ ಆಕೆಯದು ಒಂದು ಸಾಲೂ ಇರಲಿಲ್ಲ. ಆಮೇಲೆ ಪಕ್ಕದ ಅಂಚಿನುದ್ದಕ್ಕೂ ಉಗುರು ಎಳೆದರು. ಒಂದು ಕಡೆ ತಡೆಯಿತು. ಒತ್ತಿದಾಗ ಕ್ಯಾಮೆರಾದ ಮೆಮೊರಿ ಕಾರ್ಡ್ ಈಚೆ ಬಂತು. ಮಗಳ ಫೋಟೋ, ಮನೆ ಪತ್ರ ಎಲ್ಲ ಅದರಲ್ಲೇ ಇದ್ದವು. ಕಾರ್ಡ್ ಕಿಂಡಿಯೊಳಗೆ ಅಂಚಿಗೆ ಸಮನಾಗಿ ಕೂತಿದ್ದರಿಂದ ಮಾರಿದವರಿಗೂ ಕಂಡಿರಲಿಲ್ಲ, ಕೊಂಡವರಿಗೂ ಕಂಡಿರಲಿಲ್ಲ. ಹನ್ನೊಂದು ವರ್ಷ ಪರರ ಜೇಬು ತಡಕಿದ ಹೆಂಗಸು ಈ ಯಂತ್ರದ ಜೇಬನ್ನು ಮರೆತಿದ್ದರು.

ಯಜಮಾನರ ಮುಖ ಅರಳಿತು. "ನೋಡಿದ್ರಾ ಮೇಡಂ? ಕಾರ್ಡ್ ನಿಮ್ದು. ತೆಗೆದಿಟ್ಕೊಳ್ಳೋದು ನಿಮ್ಮ ಜವಾಬ್ದಾರಿ. ನಮ್ಮ ತಪ್ಪೇನಿಲ್ಲ."

"ಇಲ್ಲ ಅಣ್ಣಾ," ಎಂದರು ಅಕ್ಕ. "ತಪ್ಪು ನಂದೇ. ಡಿಸ್ಕ್ ನೋಡಿದೆ, ಕಿಂಡಿ ನೋಡ್ಲಿಲ್ಲ."

ಕಾರ್ಡನ್ನು ನರ್ಸ್ ಕೈಗೆ ಕೊಟ್ಟು, ಮೇಷ್ಟ್ರ ಒಪ್ಪಿಗೆ ಪಡೆದು ಲ್ಯಾಪ್‌ಟಾಪನ್ನು ಮತ್ತೊಮ್ಮೆ ಅಳಿಸಿದರು. ಮೇಷ್ಟ್ರು ತಾವೇನೂ ಕಾಪಿ ಮಾಡಿಕೊಂಡಿಲ್ಲ ಎಂದು ಆಣೆ ಮಾಡಿದರು. ನಂಬಬಹುದೇ ಎಂದು ನರ್ಸ್ ಅಕ್ಕನನ್ನೇ ಕೇಳಿದರು. ಅಕ್ಕ ಸಮಾಧಾನಕ್ಕೂ ಸುಳ್ಳು ಹೇಳಲಿಲ್ಲ. "ನಂಗೆ ಗೊತ್ತಿಲ್ಲಮ್ಮ. ಅವ್ರ ಫೋನು, ಅವ್ರ ಮನಸ್ಸು ನಾನು ಬಿಚ್ಚಿ ನೋಡೋಕಾಗಲ್ಲ." ನರ್ಸ್ ಅಳುತ್ತಲೇ ಹೋದರು. ಆ ಹೆಣ್ಣುಮಗಳ ಅನುಮಾನವನ್ನು ಅಳಿಸುವ ಸಾಫ್ಟ್‌ವೇರ್ ತಮ್ಮ ಬಳಿ ಇಲ್ಲವಲ್ಲ ಎಂಬ ನೋವು ಅಕ್ಕನಿಗೆ ಇನ್ನೂ ಹೋಗಿಲ್ಲ.

ಈಗ ಸ್ಕ್ರೂಗೆ ಕೈ ಹಾಕುವ ಮುಂಚೆ ಉಗುರು ಎಲ್ಲ ಕಿಂಡಿಗಳ ಮೇಲೂ ಓಡುತ್ತದೆ. ಮಾರಲು ಬಂದವರು ಬಯಸಿದರೆ ಕೂತು ನೋಡಲಿ ಎಂದು ಕೋಣೆಗೆ ಒಂದು ಸ್ಟೂಲ್ ಬಂದಿದೆ. ದೊಡ್ಡ ಆಸೆಯೇನಾದರೂ ಉಂಟೇ ಎಂದರೆ ಕುತ್ತಿಗೆ ಉಜ್ಜಿಕೊಳ್ಳುತ್ತಾರೆ. "ಈ ಮೇಜು ನಾಲ್ಕು ಬೆರಳು ಎತ್ತರ ಆದ್ರೆ ಸಾಕು. ಕುತ್ತಿಗೆ ಹಿಡಿದುಕೊಳ್ಳತ್ತೆ."

ಸಂಜೆ ಐದಕ್ಕೆ ಕೆಲಸ ಮುಗಿಯುತ್ತದೆ. ಅಕ್ಕ ಹೊರಗೆ ಬಂದು ಕೌಂಟರ್ ಮೇಲೆ ಬ್ಯಾಗ್ ಇಟ್ಟು, ಜಿಪ್ ಎಳೆದು, ಬಾಯಿ ಅಗಲ ಮಾಡಿ ಹಿಡಿಯುತ್ತಾರೆ. ಆವತ್ತಿನಿಂದ ಒಂದು ದಿನವೂ ತಪ್ಪಿಸಿಲ್ಲ. ಯಜಮಾನರು ಮುಖ ಪಕ್ಕಕ್ಕೆ ತಿರುಗಿಸುತ್ತಾರೆ.

"ಸಾಕು ಅಕ್ಕಾ. ಇನ್ನೆಷ್ಟು ದಿನ ನಂಗೆ ನಾಚಿಕೆ ಆಗೋ ಹಾಗೆ ಮಾಡ್ತೀರಿ? ಮುಚ್ಚಿ."

"ನಾಚಿಕೆ ಯಾಕಣ್ಣ? ಒಂದೇ ದಿನ ನೋಡಿದ್ರೆ ಅದು ಅವಮಾನ. ದಿನಾ ನೋಡಿದ್ರೆ ಕೆಲಸ," ಎನ್ನುತ್ತಾರೆ ಅಕ್ಕ, ಬ್ಯಾಗನ್ನು ಇನ್ನಷ್ಟು ಮುಂದಕ್ಕೆ ತಳ್ಳುತ್ತ. "ಸರಿಯಾಗಿ ನೋಡಿ. ಒಳಜೇಬೂ ಇದೆ."