ಗಿರಿಜಾ ಆಂಟಿ ಬೈಯದೆ ಬಂದ ದಿನ

ಗಿರಿಜಾ ಆಂಟಿ ಬೈಯಲು ನಿಂತರೆ ಚಂದ್ರಾ ಲೇಔಟಿನ ನಮ್ಮ ಅಡ್ಡರಸ್ತೆಯಲ್ಲಿ ಕುಕ್ಕರ್ ಕೂಗಿದ್ದೂ ಕೇಳಿಸುತ್ತಿರಲಿಲ್ಲ. ಗೇಟಿಗೆ ಅಡ್ಡ ಕಾರು ನಿಲ್ಲಿಸಿದವರಿಗೆ, "ಇದೇನು ನಿಮ್ಮ ಮಾವನ ಮನೆ ಅಂಗಳಾನಾ?" ಎನ್ನುತ್ತಿದ್ದರು. ಬಾಡಿದ ಕೊತ್ತಂಬರಿ ಸೊಪ್ಪು ಕೊಟ್ಟ ಗಾಡಿಯವನನ್ನು ಮಾರೇನಹಳ್ಳಿವರೆಗೂ ಹುಡುಕಿಕೊಂಡು ಹೋಗಿ ಸೊಪ್ಪು ಬದಲಾಯಿಸಿಕೊಂಡು ಬಂದಿದ್ದರು. "ಸುಮ್ನಿದ್ರೆ ತಲೆ ಮೇಲೆ ಕೂರ್ತಾರೆ ಕಣೇ," ಎಂದು ಅವರ ಕೆಳಮನೆಯಲ್ಲಿ ಬಾಡಿಗೆಗಿದ್ದ ನನಗೂ ಪಾಠ ಹೇಳುತ್ತಿದ್ದರು. ಹೆದರುತ್ತಲೇ ನಾನು ಅವರನ್ನು ಹಚ್ಚಿಕೊಂಡಿದ್ದೆ.

ಅವರ ಎಡಗಣ್ಣಿನ ಬಿಳಿ ಭಾಗದ ಮೇಲೆ ಎಳ್ಳಿನಷ್ಟು ಕಂದು ಮಚ್ಚೆ ಇತ್ತು. ಚಿಕ್ಕಂದಿನಿಂದ ಇದ್ದದ್ದು, ಅದೃಷ್ಟ ಎಂದು ಅವರಮ್ಮ ಹೇಳಿದ್ದರಂತೆ. ಐವತ್ತು ದಾಟಿದ ಮೇಲೆ ಅದು ಹರಡಿತು, ಉಬ್ಬಿತು, ಅದರತ್ತ ಒಂದು ಕೆಂಪು ನರ ದಪ್ಪಗೆ ಎದ್ದು ಕಾಣತೊಡಗಿತು. ಹತ್ತಿರದ ಕಣ್ಣಿನ ಕ್ಲಿನಿಕ್ಕಿನ ಡಾಕ್ಟರು, "ಏನಿಲ್ಲಮ್ಮ, ಬರೀ ಬಣ್ಣ. ಹೆರೆದು ತೆಗೆದುಬಿಡ್ತೀನಿ, ಮಗಳ ಮದುವೆ ಫೋಟೋದಲ್ಲಿ ಚೆನ್ನಾಗಿ ಕಾಣ್ತೀರಾ," ಎಂದು ತೆಗೆದೇಬಿಟ್ಟರು.

ಮದುವೆ ಚೆನ್ನಾಗಿಯೇ ಆಯಿತು. ಮುಂದಿನ ವರ್ಷ ಮಚ್ಚೆ ಕಪ್ಪಗೆ ಮತ್ತೆ ಬಂತು, ರೆಪ್ಪೆಯ ಒಳಗೂ ಇಳಿದಿತ್ತು. ದೊಡ್ಡಾಸ್ಪತ್ರೆಯಲ್ಲಿ ಚೂರು ತೆಗೆದು ಪರೀಕ್ಷೆ ಮಾಡಿಸಿದರೆ ಕ್ಯಾನ್ಸರ್. "ಮೊದಲ ಸಲ ತೆಗೆದಿದ್ದನ್ನ ಟೆಸ್ಟಿಗೆ ಕಳಿಸಿರ್ತಾರಲ್ಲ, ಆ ರಿಪೋರ್ಟ್ ತನ್ನಿ," ಎಂದರು ಅಲ್ಲಿನ ಡಾಕ್ಟರಮ್ಮ. "ಆಗಲೇ ಗೊತ್ತಾಗಿದ್ರೆ ಸುತ್ತ ಒಂಚೂರು ಒಳ್ಳೆ ಭಾಗಾನೂ ಸೇರಿಸಿ ತೆಗೆದು, ಅಂಚಲ್ಲಿ ಉಳಿದಿದ್ದನ್ನ ವಿಪರೀತ ತಂಪು ಕೊಟ್ಟು ಸಾಯಿಸಿ, ಆಮೇಲೆ ಕ್ಯಾನ್ಸರ್ ಡ್ರಾಪ್ಸ್ ಹಾಕಬಹುದಿತ್ತು. ಕಣ್ಣು ಉಳಿಯೋ ಚಾನ್ಸ್ ಇತ್ತು." ಈಗ ರೆಪ್ಪೆ ಸಮೇತ ಕಣ್ಣನ್ನೇ ತೆಗೆಯಬೇಕಿತ್ತು.

ರಿಪೋರ್ಟ್ ಕೇಳಲು ನಾನೂ ಆಂಟಿಯೂ ಮೊದಲು ಮಚ್ಚೆ ತೆಗೆದ ಡಾಕ್ಟರ ಕ್ಲಿನಿಕ್ಕಿಗೆ ಹೋದೆವು. ಆತ ಫೋನಿನಿಂದ ತಲೆಯೆತ್ತದೆ, "ಅದನ್ನೆಲ್ಲ ಯಾರಮ್ಮ ಟೆಸ್ಟಿಗೆ ಕಳಿಸ್ತಾರೆ? ಕಸಕ್ಕೆ ಹೋಯ್ತು. ನಿಮ್ಮ ಹಣೆಬರಹ," ಎಂದ. ಈಗ ಆಗುತ್ತದೆ ಮಂಗಳಾರತಿ ಎಂದು ನಾನು ಕಾದೆ. ಗಿರಿಜಾ ಆಂಟಿ "ಸರಿ ಸಾರ್" ಎಂದು ಕೈಮುಗಿದರು! ನನಗೆ ಮೈಯೆಲ್ಲ ಉರಿದುಹೋಯಿತು. ಹೊರಗೆ ಬಂದವಳೇ, "ಸೊಪ್ಪಿನವನ ಮುಂದೆ ಇರೋ ಬಾಯಿ ಇವನ ಮುಂದೆ ಎಲ್ಲಿ ಹೋಯ್ತು ಆಂಟಿ?" ಎಂದು ರೇಗಿದೆ.

"ಓದಿರೋರು ಕಣೇ. ಬೈದು ಕೆಟ್ಟೋಳಾದ್ರೆ, ನಾಳೆ ಇನ್ನೊಂದು ಕಣ್ಣಿಗೆ ಏನಾದ್ರೂ ಆದ್ರೆ ಯಾರು ನೋಡ್ತಾರೆ?"

ಕಣ್ಣು ಹೋಯಿತು. ಆಮೇಲೆ ಕಿವಿಯ ಮುಂದೆ ಗಂಟು ಕಾಣಿಸಿತು, ಕೊನೆಗೆ ಲಿವರಿಗೂ ಹಬ್ಬಿತು. ಕೊನೆಯ ಸಲ ನೋಡಲು ಹೋದಾಗ ಅವರ ದನಿ ನನಗೇ ಕೇಳಿಸಲಿಲ್ಲ. ಬಗ್ಗಿ ಕಿವಿಗೊಟ್ಟೆ. "ಬೈಬೇಕಿತ್ತು ಕಣೇ ಅವನಿಗೆ," ಎಂದರು.

ತಿಥಿ ಮುಗಿದ ಮಾರನೆಯ ದಿನ ನಾನೇ ಹೋದೆ. ತುಂಬಿದ ಕ್ಲಿನಿಕ್ಕಿನ ನಡುವೆ ನಿಂತು, "ಗಿರಿಜಮ್ಮನ ಕಣ್ಣಿಂದ ಕಿತ್ತಿದ್ದನ್ನ ಟೆಸ್ಟಿಗೆ ಕಳಿಸದೆ ಕಸಕ್ಕೆ ಹಾಕಿದ್ರಲ್ರೀ, ಆಯಮ್ಮ ಸತ್ತೋದ್ರು!" ಎಂದು ಕೂಗಿದೆ. ಆತ ಬಾಗಿಲು ಹಾಕಿಕೊಂಡ. ಅಂಗೈಯಿಂದ ಒಂದು ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದ ಹೆಂಗಸೊಬ್ಬಳು ನನ್ನ ಕೈ ಜಗ್ಗಿದಳು.

"ಮೆಲ್ಲಗೆ ಮಾತಾಡಿ ಅಕ್ಕ, ಡಾಕ್ಟ್ರು ಬೇಜಾರು ಮಾಡ್ಕೋತಾರೆ."